ನಿಸ್ತಂತುವಿನ ತಂತಿ: ಹವ್ಯಾಸಿ ರೇಡಿಯೋದ ಆಂಟೆನಾ ಮತ್ತು ಕೇಬಲ್ಲುಗಳ ಚರಿತ್ರೆ

‘ನಿಸ್ತಂತು’ ಎಂಬ ಶಬ್ದವನ್ನು ನಮ್ಮವರು ಇಂಗ್ಲಿಷಿನ ‘ವೈರ್‌ಲೆಸ್’ ಎಂಬುದಕ್ಕೆ ಪ್ರತಿಯಾಗಿ ರಚಿಸಿಕೊಂಡರು. ಶಬ್ದರಚನೆಯಲ್ಲಿ ದೋಷವೇನೂ ಇಲ್ಲ. ಅರ್ಥದಲ್ಲಿ ಮಾತ್ರ ಅದು ಅರ್ಧಸತ್ಯ. ಎರಡು ಊರುಗಳ ನಡುವೆ ತಂತಿಯಿಲ್ಲವೆಂಬುದು ದಿಟ. ಆದರೆ ಆ ಎರಡು ಊರುಗಳಲ್ಲಿಯೂ ಯಂತ್ರದಿಂದ ಮಾಳಿಗೆಗೂ ಮಾಳಿಗೆಯಿಂದ ಕಂಬದ ತುದಿಗೂ ತಂತಿಯೇ ಹೋಗಬೇಕು. ಆ ತಂತಿ ಎಲ್ಲಿಯಾದರೂ ಒಂದು ಕಡೆ ಸಡಿಲವಾದರೆ ನಡುವಣ ಸಾವಿರಾರು ಮೈಲಿಗಳ ಆಕಾಶವೂ ನಿರರ್ಥಕವಾಗುತ್ತದೆ. ರೇಡಿಯೋವಿನ ಚರಿತ್ರೆಯನ್ನು ಬರೆದವರು ಪ್ರೇಷಕ ಯಂತ್ರವನ್ನೂ, ಎತ್ತರದ ಗೋಪುರವನ್ನೂ, ದಾಟಿಹೋದ ಸಂದೇಶವನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಯಂತ್ರಕ್ಕೂ ಆಂಟೆನಾಕ್ಕೂ ನಡುವೆ ಇರುವ ತಂತಿಗೆ, ಅಂದರೆ ಫೀಡರಿಗೆ, ಅವರ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಹವ್ಯಾಸಿಗಳ ವಿಷಯದಲ್ಲಿ ಈ ಉಪೇಕ್ಷೆಯು ಚರಿತ್ರೆಯನ್ನೇ ವಿರೂಪಗೊಳಿಸುತ್ತದೆಂದು ನಮ್ಮ ಅಭಿಪ್ರಾಯ. ಏಕೆಂದರೆ ಹವ್ಯಾಸಿಯ ಫೀಡರು ಯಾವ ಪ್ರಯೋಗಶಾಲೆಯಲ್ಲಿಯೂ ಹುಟ್ಟಿದುದಲ್ಲ; ೧೯೧೨ರ ಒಂದು ಕಾನೂನಿನ ಪರಿಣಾಮವಾಗಿ ಹುಟ್ಟಿದುದು. ಇಂದು ಹಿರಿಯ ಹವ್ಯಾಸಿಗಳು ಕಿರಿಯರಿಗೆ ಬಾಯಿಮಾತಿನಲ್ಲಿ ಹೇಳಿಕೊಡುವ ಕೆಲಸದ ಸೂತ್ರಗಳಲ್ಲಿ ಬಹುಪಾಲಿಗೆ ಒಂದೊಂದು ಕಾಲವೂ ಒಂದೊಂದು ಕಾರಣವೂ ಉಂಟೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಎರಡು ಶಬ್ದಗಳ ವಿಚಾರ. ‘ಆಂಟೆನಾ’ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಹಡಗಿನ ಹಾಯಿಯನ್ನು ಕಟ್ಟುವ ಅಡ್ಡಮರದ ಹೆಸರು. ೧೫ನೆಯ ಶತಮಾನದಲ್ಲಿ ಥಿಯೋಡೋರಸ್ ಗಾಜಾ ಎಂಬ ಪಂಡಿತನು ಅರಿಸ್ಟಾಟಲನ ಪ್ರಾಣಿಶಾಸ್ತ್ರವನ್ನು ಗ್ರೀಕಿನಿಂದ ಲ್ಯಾಟಿನಿಗೆ ಪರಿವರ್ತಿಸುವಾಗ, ಕೀಟಗಳ ತಲೆಯ ಮೇಲಣ ಕೊಂಬುಗಳಿಗೆ ಈ ಶಬ್ದವನ್ನು ಉಪಯೋಗಿಸಿದನು. ಕನ್ನಡದ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಅದೇ ‘ಕುಡಿಮೀಸೆ’ಯಾಗಿದೆ. ಇಟಲಿಯ ಆಡುಮಾತಿನಲ್ಲಾದರೋ ಅದಕ್ಕೆ ಕಂಬವೆಂಬ ಅರ್ಥವೇ ಉಳಿದಿತ್ತು. ರೇಡಿಯೋಶಾಸ್ತ್ರಕ್ಕೆ ಶಬ್ದವು ಬಂದುದು ಆ ದಾರಿಯಿಂದ. ಇನ್ನು ‘ಅಮೆಚ್ಯೂರ್’ ಎಂದರೆ ಮೂಲದಲ್ಲಿ ಪ್ರೀತಿಸುವವನು ಎಂದರ್ಥ. ನಮ್ಮ ನಾಟಕದವರು ಇದಕ್ಕೆ ‘ವಿಲಾಸಿ’ ಎಂದರು. ರೇಡಿಯೋದವರಿಗೆ ‘ಹವ್ಯಾಸಿ’ ಎಂಬುದೇ ರೂಢಿಯಾಯಿತು. ಬಿಸಿಲಿನಲ್ಲಿ ಹೆಂಚಿನ ಮೇಲೆ ಹತ್ತಿ ತಂತಿ ಕಟ್ಟುವ ಮನುಷ್ಯನನ್ನು ವಿಲಾಸಿಯೆಂದು ಕರೆಯುವುದು ಹೇಗಿದ್ದರೂ ಕಷ್ಟವೇ.

೧೮೮೬ರಿಂದ ೧೮೮೮ರ ವರೆಗೆ ಕಾರ್ಲ್ಸ್‌ರೂಹೆಯಲ್ಲಿ ಹೈನ್‌ರಿಖ್ ಹರ್ಟ್ಸನು ನಡೆಸಿದ ಪ್ರಯೋಗಗಳಲ್ಲಿ ಫೀಡರೆಂಬುದು ಇರಲಿಲ್ಲ. ಎರಡು ಸರಳುಗಳ ನಡುವಣ ಸಂದಿಯಲ್ಲಿಯೇ ಕಿಡಿ ಹಾರುತ್ತಿತ್ತು. ಅಲೆಯು ಹುಟ್ಟುವ ಸ್ಥಳವೂ ಅದು ಹೊರಡುವ ಸ್ಥಳವೂ ಒಂದೇ. ಮಾರ್ಕೋನಿಯು ಆ ಸರಳುಗಳಲ್ಲಿ ಒಂದನ್ನು ಆಕಾಶಕ್ಕೆ ಏರಿಸಿ ಇನ್ನೊಂದನ್ನು ಭೂಮಿಗೆ ಸೇರಿಸಿದನು. ೧೯೦೧ರ ಡಿಸೆಂಬರ್ ೧೨ರಂದು ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಅವನು ಗಾಳಿಪಟಕ್ಕೆ ಕಟ್ಟಿ ಹಾರಿಸಿದ ಸುಮಾರು ೫೦೦ ಅಡಿಗಳ ತಂತಿಯ ಕೆಳತುದಿಯು ಕೊಠಡಿಯೊಳಗಿನ ಯಂತ್ರಕ್ಕೆ ನೇರವಾಗಿ ಬಂದು ಸೇರಿತು. ಅಂದು ಇಂಗ್ಲೆಂಡಿನ ಪೋಲ್ಡುವಿನಿಂದ ಅಕ್ಷರದ ಸದ್ದು ನಿಜವಾಗಿಯೂ ಕೇಳಿಬಂದಿತೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಭಿನ್ನಾಭಿಪ್ರಾಯವುಂಟು. ನಮಗೆ ಇಲ್ಲಿ ಮುಖ್ಯವಾದುದು ತಂತಿಯ ಕೆಳತುದಿ. ಆ ಕಾಲದ ಅಲೆಗಳು ನೂರಾರು, ಸಾವಿರಾರು ಮೀಟರುಗಳಷ್ಟು ಉದ್ದವಾದವು. ಅಂತಹ ಅಲೆಗೆ ಸರಿಯಾದ ಅಳತೆಯ ತಂತಿಯನ್ನು ಯಾರೂ ಪೂರ್ಣವಾಗಿ ಆಕಾಶದಲ್ಲಿ ತೂಗುಹಾಕಲಾರರು. ಆದುದರಿಂದ ಕಿಟಕಿಯಿಂದ ಒಳಗೆ ಬರುವ ತಂತಿಯೂ ಆಂಟೆನಾದ ಭಾಗವೇ ಆಗಿತ್ತು. ಎಲ್ಲಿ ಆಂಟೆನಾ ಮುಗಿಯಿತು, ಎಲ್ಲಿ ಕೇಬಲ್ಲು ಮೊದಲಾಯಿತು ಎಂಬ ಪ್ರಶ್ನೆಗೇ ಅಂದು ಅವಕಾಶವಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದುದು ಅಮೆರಿಕದ ೧೯೧೨ರ ರೇಡಿಯೋ ಕಾನೂನು. ಅದೇ ವರ್ಷದ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗಿದ ಮೇಲೆ ಆಕಾಶದಲ್ಲಿನ ಗೊಂದಲವನ್ನು ಅಡಗಿಸಬೇಕೆಂಬ ಕೂಗು ಬಲವಾಯಿತು. ಶಾಸನಕರ್ತರು ಖಾಸಗಿ ನಿಲಯಗಳಿಗೆ ೨೦೦ ಮೀಟರಿಗೆ ಮೀರದ ಅಲೆಯನ್ನೂ ಒಂದು ಕಿಲೋವಾಟಿಗೆ ಮೀರದ ಶಕ್ತಿಯನ್ನೂ ನಿಗದಿಮಾಡಿದರು. ೨೦೦ ಮೀಟರಿಗಿಂತ ಚಿಕ್ಕ ಅಲೆಗಳು ದೂರಪ್ರಯಾಣಕ್ಕೆ ಕೆಲಸಕ್ಕೆ ಬಾರದವು ಎಂಬುದು ಅಂದಿನ ತಜ್ಞರ ನಂಬಿಕೆ. ಊರಿನ ಫಲವತ್ತಾದ ಗದ್ದೆಗಳನ್ನೆಲ್ಲ ದೊಡ್ಡವರಿಗೆ ಹಂಚಿ, ಕಲ್ಲುಭೂಮಿಯನ್ನು ಬಡವರಿಗೆ ಬಿಟ್ಟಂತಾಯಿತು.

ಆ ಕಲ್ಲುಭೂಮಿಯಲ್ಲಿ ಏನು ಬೆಳೆಯಿತೆಂಬುದು ಪ್ರಸಿದ್ಧವಾಗಿದೆ. ೧೯೧೪ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮನು ಹಾರ್ಟ್‌ಫರ್ಡಿನಲ್ಲಿ ಸ್ಥಾಪಿಸಿದ ಅಮೆರಿಕನ್ ರೇಡಿಯೋ ರಿಲೇ ಲೀಗ್ ೧೯೨೧ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿಯನ್ನು ಸ್ಕಾಟ್ಲೆಂಡಿನ ಆರ್ಡ್ರಾಸನ್ನಿಗೆ ಕಳುಹಿಸಿತು. ಅವನು ಕಡಲತೀರದ ಹೊಲದಲ್ಲಿ ಗುಡಾರ ಹಾಕಿ, ಸಾಲುಗಂಬಗಳ ಮೇಲೆ ಸುಮಾರು ೧೩೦೦ ಅಡಿಗಳ ತಂತಿಯನ್ನು ನೆಲಕ್ಕೆ ಸಮಾಂತರವಾಗಿ ಎಳೆದು, ಅಟ್ಲಾಂಟಿಕಿನ ಆಚೆಯ ಹವ್ಯಾಸಿಗಳ ಸಂಜ್ಞೆಗಳನ್ನು ಕೇಳಿದನು. ತಂತಿಯ ತುದಿಯು ಇನ್ನೂ ಗುಡಾರದೊಳಕ್ಕೇ ಬರುತ್ತಿತ್ತೆಂಬುದನ್ನು ಗಮನಿಸಬೇಕು. ೧೯೨೩ರ ನವೆಂಬರ್ ೨೮ರಂದು ಫ್ರಾನ್ಸಿನ ನೀಸ್ ನಗರದ ಲಿಯೋನ್ ದೆಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಇವರು ಸುಮಾರು ೧೧೦ ಮೀಟರಿನ ಅಲೆಯಲ್ಲಿ ಪರಸ್ಪರ ಮಾತನಾಡಿದರು. ಅಲೆಯು ಚಿಕ್ಕದಾದಷ್ಟೂ ದೂರವು ಹೆಚ್ಚುತ್ತಿತ್ತು! ಮರುವರ್ಷ, ೧೯೨೪ರ ಅಕ್ಟೋಬರ್ ೧೮ರಂದು, ಲಂಡನ್ನಿನ ಮಿಲ್ ಹಿಲ್ ಶಾಲೆಯ ವಿದ್ಯಾರ್ಥಿ ಸೆಸಿಲ್ ಗಾಯ್ಡರನು ನ್ಯೂಜಿಲೆಂಡಿನ ಫ್ರಾಂಕ್ ಬೆಲ್ಲನೊಡನೆ ಸಂಪರ್ಕ ಬೆಳೆಸಿದನು. ಭೂಗೋಳದ ಮೇಲೆ ಅದಕ್ಕಿಂತ ಹೆಚ್ಚಿನ ದೂರಕ್ಕೆ ಬಹುಮಟ್ಟಿಗೆ ಸ್ಥಳವೇ ಇಲ್ಲ.

ಈ ಗಾಯ್ಡರನು ನಮಗೆ ಪರಕೀಯನಲ್ಲ. ೧೯೩೬ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಮುಖ್ಯ ಇಂಜಿನಿಯರಾಗಿ ಬಂದವನು ಆತನೇ. ಈ ವಿಶಾಲವಾದ ದೇಶಕ್ಕೆ ಮಧ್ಯಮ ಅಲೆಯ ಕೆಲವು ನಿಲಯಗಳು ಸಾಲವೆಂದು ಕಂಡುಕೊಂಡು ಆತನು ಶಾರ್ಟ್‌ವೇವ್ ಪ್ರಸಾರಕ್ಕೆ ಪ್ರಾಧಾನ್ಯ ಕೊಟ್ಟನು. ೧೯೩೭-೩೮ರಲ್ಲಿ ದೆಹಲಿ, ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಶಾರ್ಟ್‌ವೇವ್ ಪ್ರೇಷಕಗಳು ನಿಂತವು. ಶಾಲೆಯ ಹುಡುಗನಾಗಿ ತ್ಯಾಜ್ಯವೆನಿಸಿದ್ದ ಅಲೆಗಳಲ್ಲಿ ಕಲಿತುದನ್ನು ಅವನು ಒಂದು ಉಪಖಂಡಕ್ಕೆ ಪ್ರಯೋಗಿಸಿದನೆಂದರೆ ಉತ್ಪ್ರೇಕ್ಷೆಯಾಗದು. ಅವನು ಬರುವುದಕ್ಕೆ ಒಂದು ವರ್ಷ ಮುಂಚೆಯೇ, ೧೯೩೫ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠ್ಠಲ ವಿಹಾರ’ದಲ್ಲಿ ಅಲ್ಪಶಕ್ತಿಯ ಪ್ರೇಷಕವೊಂದನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದ್ದರು. ಆ ಹೆಸರನ್ನು ಆಲ್ ಇಂಡಿಯಾ ರೇಡಿಯೋ ಅಂಗೀಕರಿಸಿದುದು ಎರಡು ದಶಕಗಳ ಅನಂತರ. ಪುರಾಣಗಳ ಆಕಾಶವಾಣಿಯು ಅಶರೀರವಾಣಿ. ಮೈಸೂರಿನ ಆಕಾಶವಾಣಿಗಾದರೋ ಶರೀರವಿತ್ತು. ಮನೆಯ ಮೇಲೆ ಎಳೆದು ಕಟ್ಟಿದ ಆಂಟೆನಾವೇ ಆ ಶರೀರ. ನಮ್ಮ ಲೇಖಕರು ಹೆಸರಿನ ಔಚಿತ್ಯವನ್ನು ಕುರಿತು ಬರೆದಿರುವಷ್ಟು ಆಸಕ್ತಿಯಿಂದ ಈ ಶರೀರವನ್ನು ಕುರಿತು ಬರೆದಿದ್ದರೆ ಚರಿತ್ರೆಗೆ ಉಪಕಾರವಾಗುತ್ತಿತ್ತು.

ಪ್ರಕೃತವನ್ನು ಅನುಸರಿಸೋಣ. ಅಲೆಯ ಉದ್ದ ಕಡಿಮೆಯಾದುದರಿಂದ ಆಂಟೆನಾದ ಉದ್ದವೂ ಕಡಿಮೆಯಾಯಿತು. ಅರ್ಧ ಅಲೆಯ ಉದ್ದದ ತಂತಿಯು ತನ್ನಷ್ಟಕ್ಕೆ ತಾನೇ ಅನುರಣಿಸುತ್ತದೆ; ಅದಕ್ಕೆ ಭೂಮಿಯ ಆಶ್ರಯ ಬೇಕಿಲ್ಲ. ೨೦೦ ಮೀಟರಿನ ಅಲೆಗೆ ಇದು ೧೦೦ ಮೀಟರಿನ ತಂತಿ, ೪೦ ಮೀಟರಿನ ಅಲೆಗೆ ಕೇವಲ ೨೦ ಮೀಟರು. ಗಾಳಿಯಲ್ಲಿ ತೂಗುವ ತಂತಿಯ ತುದಿಗಳ ಪ್ರಭಾವದಿಂದ ಲೆಕ್ಕದ ಉದ್ದಕ್ಕಿಂತ ಕೊಂಚ ಕಡಿಮೆಯೇ ಬೇಕಾಗುವುದರಿಂದ, ೧೪೩ನ್ನು ಮೆಗಾಹರ್ಟ್ಸಿನಲ್ಲಿ ಹೇಳಿದ ಕಂಪನಸಂಖ್ಯೆಯಿಂದ ಭಾಗಿಸಿದರೆ ಮೀಟರುಗಳಲ್ಲಿ ಉದ್ದವು ದೊರೆಯುತ್ತದೆಂಬ ಸೂತ್ರವು ರೂಢಿಯಲ್ಲಿದೆ. ೭.೧ ಮೆಗಾಹರ್ಟ್ಸಿಗೆ ೨೦ ಮೀಟರಿಗೆ ಸ್ವಲ್ಪ ಹೆಚ್ಚು. ಅನುಭವಿಗಳು ಅದಕ್ಕಿಂತಲೂ ಒಂದು ಗೇಣು ಹೆಚ್ಚಾಗಿಯೇ ಕತ್ತರಿಸಿ, ಕಟ್ಟಿದ ಮೇಲೆ ಅಳೆದು ಮೊಟಕುಮಾಡುತ್ತಾರೆ. ಕತ್ತರಿಸಿದ ತಂತಿಯನ್ನು ಬೆಳೆಸುವ ವಿದ್ಯೆ ಯಾರಿಗೂ ತಿಳಿಯದಷ್ಟೆ.

ಇಂತಹ ತಂತಿಯನ್ನು ಎರಡು ತೆಂಗಿನ ಮರಗಳ ನಡುವೆ ಮನೆಯಿಂದ ದೂರವಾಗಿ, ಎತ್ತರವಾಗಿ, ಪೂರ್ಣವಾಗಿ ತೂಗುಹಾಕಬಹುದು. ಆಗ ಚರಿತ್ರೆಯಲ್ಲಿ ಮೊದಲ ಬಾರಿಗೆ ಹವ್ಯಾಸಿಗೆ ಹೊಸದೊಂದು ಪ್ರಶ್ನೆ ಎದುರಾಯಿತು: ಆಂಟೆನಾ ಅಲ್ಲಿದೆ, ಯಂತ್ರ ಇಲ್ಲಿದೆ, ನಡುವೆ ಶಕ್ತಿಯನ್ನು ಒಯ್ಯುವ ತಂತಿಯು ತಾನೇ ಆಂಟೆನಾ ಆಗದಂತೆ ನೋಡಿಕೊಳ್ಳುವುದು ಹೇಗೆ? ೧೯೧೨ರ ಕಾನೂನಿಗೂ ಫೀಡರಿಗೂ ಸಂಬಂಧವಿದೆಯೆಂದು ಮೇಲೆ ಹೇಳಿದುದರ ತಾತ್ಪರ್ಯ ಇದೇ.

ಮೊದಲ ಉತ್ತರವು ವಾಯುನೌಕೆಯಿಂದ ಬಂದಿತು. ೧೯೦೯ರಲ್ಲಿ ಹಾನ್ಸ್ ಬೆಗೆರೋ ಎಂಬ ಜರ್ಮನನು ಜೆಪ್ಪೆಲಿನ್ ನೌಕೆಗಳಿಗಾಗಿ ಒಂದು ಏರ್ಪಾಟಿಗೆ ಪೇಟೆಂಟ್ ಪಡೆದಿದ್ದನು. ಜಲಜನಕ ತುಂಬಿದ ಚೀಲದ ಬಳಿ ವಿದ್ಯುತ್ತಿನ ಕಿಡಿ ಹಾರಬಾರದೆಂದು, ಕೆಳಕ್ಕೆ ಇಳಿಬಿಟ್ಟ ಅರ್ಧ ಅಲೆಯ ತಂತಿಗೆ ಕಾಲು ಅಲೆಯ ಎರಡು ಸಮಾಂತರ ತಂತಿಗಳ ಮೂಲಕ ಅವನು ಶಕ್ತಿಯನ್ನು ಊಡಿದನು. ಎರಡು ತಂತಿಗಳಲ್ಲಿ ಪ್ರವಾಹವು ಪರಸ್ಪರ ವಿರುದ್ಧವಾಗಿ ಹರಿಯುವುದರಿಂದ ಒಂದರ ಪ್ರಸರಣವನ್ನು ಇನ್ನೊಂದು ಅಳಿಸುತ್ತದೆ. ಹವ್ಯಾಸಿಗಳು ಇದನ್ನು ನೆಲಕ್ಕಿಳಿಸಿ ‘ಜೆಪ್’ ಎಂದು ಹೆಸರಿಟ್ಟರು. ತಂತಿಗಳನ್ನು ಸಮದೂರದಲ್ಲಿಡುವುದಕ್ಕೆ ಪ್ಯಾರಫಿನ್ ಮೇಣದಲ್ಲಿ ಕುದಿಸಿದ ಮರದ ಕಡ್ಡಿಗಳನ್ನು ಉಪಯೋಗಿಸಿದರು. ಮೇಣವು ಮರದ ರಂಧ್ರಗಳನ್ನು ತುಂಬಿ ಮಳೆನೀರನ್ನು ತಡೆಯುತ್ತಿತ್ತು. ಕೈಗೆ ಸಿಕ್ಕಿದುದರಲ್ಲಿ ಕೆಲಸ ಸಾಧಿಸಿದ ಈ ಜಾಣ್ಮೆಗೆ ಪೇಟೆಂಟಿನ ದಾಖಲೆಯಿಲ್ಲ. ತೆರೆದ ಜೋಡಿತಂತಿಯಲ್ಲಿ ನಷ್ಟವು ಬಹಳ ಕಡಿಮೆ. ಅದರ ದೋಷವೆಂದರೆ ಅದು ನೆರೆಯವರನ್ನು ಸಹಿಸದು: ಗೋಡೆಗೋ ತಗಡಿನ ಸೂರಿಗೋ ಒತ್ತಿಕೊಂಡು ಹೋದರೆ ಸಮತೋಲ ಕೆಡುತ್ತದೆ. ೧೯೨೯ರ ಸೆಪ್ಟೆಂಬರಿನಲ್ಲಿ ಲೋರೆನ್ ವಿಂಡಮ್ ಎಂಬ ಹವ್ಯಾಸಿಯು, ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಯೋಗಗಳನ್ನು ಆಧರಿಸಿ, ಒಂದೇ ತಂತಿಯನ್ನು ಆಂಟೆನಾದ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸೇರಿಸುವ ವಿಧಾನವನ್ನು ಪ್ರಕಟಿಸಿದನು. ಪ್ರಯೋಗಮಾಡಿದವರ ಹೆಸರು ಮರೆಯಾಗಿ ಬರೆದವನ ಹೆಸರೇ ಆಂಟೆನಾಕ್ಕೆ ನಿಂತಿತು. ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಇದು ಅಪೂರ್ವವೆನಿಸಲಾರದು. ಕೆಲವರು ದೀಪದ ಹುರಿತಂತಿಯನ್ನೇ ಫೀಡರಾಗಿ ಎಳೆದರು. ಬೇಸಿಗೆಯಲ್ಲಿ ಅದು ನಡೆಯಿತು. ಮಳೆಗಾಲದಲ್ಲಿ ಅದರ ರಬ್ಬರು ಮತ್ತು ಹತ್ತಿಯ ಹೊದಿಕೆ ನೆನೆದು ಶಕ್ತಿಯನ್ನು ನುಂಗಿಬಿಟ್ಟಿತು.

ಏಕಾಕ್ಷ ಕೇಬಲ್ಲಿನ, ಅಂದರೆ ಜನರು ಕೋಆಕ್ಸಿಯಲ್ ಎನ್ನುವ ಕೇಬಲ್ಲಿನ, ಕಲ್ಪನೆ ಇದಕ್ಕಿಂತ ಹಳೆಯದು. ನಡುವೆ ಒಂದು ತಂತಿ, ಸುತ್ತಲೂ ಕೊಳವೆಯಂತಹ ಎರಡನೆಯ ವಾಹಕ. ವಿದ್ಯುತ್ ಕ್ಷೇತ್ರವೆಲ್ಲ ಒಳಗೇ ಬಂದಿ. ಆಲಿವರ್ ಹೆವಿಸೈಡನು ೧೮೮೦ರಲ್ಲಿಯೇ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದನು. ಬೆಲ್ ಸಂಸ್ಥೆಯ ಎಸ್ಪೆನ್‌ಶೀಡ್ ಮತ್ತು ಆಫೆಲ್ ೧೯೨೯ರಲ್ಲಿ ಸಲ್ಲಿಸಿದ ಅರ್ಜಿಗೆ ೧೯೩೧ರಲ್ಲಿ ಪೇಟೆಂಟ್ ದೊರೆಯಿತು. ೧೯೩೬ರಲ್ಲಿ ನ್ಯೂಯಾರ್ಕಿಗೂ ಫಿಲಡೆಲ್ಫಿಯಕ್ಕೂ ನಡುವೆ ಪ್ರಯೋಗಾರ್ಥವಾಗಿ ಅಂತಹ ಕೇಬಲ್ಲು ಹೂಳಲ್ಪಟ್ಟಿತು. ಆದರೂ ಹವ್ಯಾಸಿಯ ಮಾಳಿಗೆಗೆ ಅದು ಬಾರದಿದ್ದುದಕ್ಕೆ ಕಾರಣ ನಡುವಣ ತಂತಿಯನ್ನು ನಡುವೆಯೇ ಹಿಡಿದಿಡುವ ಪದಾರ್ಥದ ಅಭಾವ. ಬಾಗುವ, ನೀರು ಹೀರದ, ಶಕ್ತಿಯನ್ನು ನುಂಗದ ವಸ್ತು ಬೇಕಾಗಿತ್ತು. ೧೯೩೩ರ ಮಾರ್ಚಿನಲ್ಲಿ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ಗಿಬ್ಸನ್ ಮತ್ತು ಫಾಸೆಟ್ ಎಂಬವರ ಪಾತ್ರೆಯಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಂಡ ಮೇಣದಂತಹ ಬಿಳಿಯ ಪದಾರ್ಥವೇ ಅದು: ಪಾಲಿಥೀನ್. ೧೯೩೯ರಲ್ಲಿ ಅದರ ಉತ್ಪಾದನೆ ಮೊದಲಾಗುವುದಕ್ಕೂ ಮಹಾಯುದ್ಧ ಮೊದಲಾಗುವುದಕ್ಕೂ ಸರಿಹೋಯಿತು. ರಾಡಾರ್ ಯಂತ್ರಗಳು ಪಾಲಿಥೀನ್ ತುಂಬಿದ ಕೇಬಲ್ಲುಗಳನ್ನು ಬೇಡಿದವು. ಆ ವರ್ಷಗಳಲ್ಲಿ ಹವ್ಯಾಸಿಗಳ ಬಾಯಿಯನ್ನು ಕಟ್ಟಲಾಗಿತ್ತು. ಬ್ರಿಟನ್ನಿನಲ್ಲಿಯೂ ಭಾರತದಲ್ಲಿಯೂ ೧೯೩೯ರಲ್ಲಿ ಅವರ ಪ್ರೇಷಕಗಳನ್ನು ಸರಕಾರವು ವಶಪಡಿಸಿಕೊಂಡಿತು. ಯುದ್ಧ ಮುಗಿದು ಅನುಮತಿಗಳು ಮರಳಿ ಬಂದಾಗ ಸೈನ್ಯದ ಮಿಗತೆಯ ಸಾಮಾನು ಅಗ್ಗವಾಗಿ ಮಾರಾಟಕ್ಕಿತ್ತು. ಅದರೊಡನೆ ಕೇಬಲ್ಲೂ ಬಂದಿತು, ಸೈನ್ಯದ ಸಂಖ್ಯೆಗಳೂ ಬಂದವು. ಇಂದಿಗೂ ಹವ್ಯಾಸಿಗಳು ಉಚ್ಚರಿಸುವ ‘ಆರ್‌ಜಿ-೮’, ‘ಆರ್‌ಜಿ-೫೮’ ಎಂಬವು ಸೈನ್ಯದ ಪಟ್ಟಿಯ ಸಂಖ್ಯೆಗಳೇ.

ಕೇಬಲ್ಲು ಬಂದುದರಿಂದ ಗೋಡೆಗೆ ಒತ್ತಿಯೂ ನೆಲದಲ್ಲಿ ಹೂಳಿಯೂ ಒಯ್ಯುವ ಸೌಕರ್ಯವಾಯಿತು. ಬದಲಿಗೆ ಕೊಟ್ಟ ಬೆಲೆ ಎರಡು ಬಗೆಯದು. ಮೊದಲನೆಯದು ನಷ್ಟ. ಸಣ್ಣ ಕೇಬಲ್ಲಾದ ಆರ್‌ಜಿ-೫೮ರ ೩೦ ಮೀಟರಿನಲ್ಲಿ ೧೪೪ ಮೆಗಾಹರ್ಟ್ಸಿನ ಶಕ್ತಿಯ ಮುಕ್ಕಾಲು ಪಾಲಿನಷ್ಟು ಶಾಖವಾಗಿ ಹೋಗುತ್ತದೆ. ೧೦ ವಾಟ್ ಹೊರಟರೆ ಆಂಟೆನಾವನ್ನು ಮುಟ್ಟುವುದು ಎರಡೂವರೆ. ಕಂಪನಸಂಖ್ಯೆ ಹೆಚ್ಚಿದಂತೆ ದಪ್ಪನೆಯ, ಗಿಡ್ಡನೆಯ ಕೇಬಲ್ಲನ್ನೇ ಆರಿಸಬೇಕೆಂಬ ನಿಯಮ ಇದರಿಂದ ಬಂದಿದೆ. ಎರಡನೆಯ ಬೆಲೆಯೇ ಜೋಡಣೆ. ತೆರೆದ ತಂತಿಯನ್ನು ತಿರುಚಿ ಬೆಸೆದರೆ ಮುಗಿಯಿತು. ಏಕಾಕ್ಷ ಕೇಬಲ್ಲಿನ ತುದಿಗೆ ಕನೆಕ್ಟರು ಬೇಕು. ೧೯೩೦ರ ದಶಕದಲ್ಲಿ ಆಂಫೆನಾಲ್ ಸಂಸ್ಥೆಯ ಕ್ವಾಕೆನ್‌ಬುಶ್ ರೂಪಿಸಿದ ಕನೆಕ್ಟರು ‘ಯುಎಚ್‌ಎಫ್’ ಎಂಬ ಹೆಸರನ್ನು ಪಡೆಯಿತು. ಅಂದು ೩೦ ಮೆಗಾಹರ್ಟ್ಸಿನ ಮೇಲಿನದೆಲ್ಲ ಅತ್ಯುಚ್ಚವೆನಿಸಿತ್ತು. ಇಂದು ಆ ಹೆಸರು ೩೦೦ರಿಂದ ೩೦೦೦ ಮೆಗಾಹರ್ಟ್ಸಿಗೆ ಸಲ್ಲುತ್ತದೆ, ಅಲ್ಲಿ ಈ ಕನೆಕ್ಟರು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಕಾಲವು ಅರ್ಥವನ್ನು ಮುಂದಕ್ಕೆ ಎಳೆದುಕೊಂಡು ಹೋಗಿ ಶಬ್ದವನ್ನು ಹಿಂದೆ ಬಿಟ್ಟಿದೆ. ಉನ್ನತ ಕಂಪನಗಳಿಗೆ ಬೆಲ್ ಪ್ರಯೋಗಶಾಲೆಯ ಪಾಲ್ ನೀಲ್ ೧೯೪೦ರ ದಶಕದಲ್ಲಿ ರಚಿಸಿದ, ಅವನ ಹೆಸರಿನ ಮೊದಲಕ್ಷರವನ್ನು ಹೊತ್ತ ‘ಎನ್’ ಕನೆಕ್ಟರೇ ಯೋಗ್ಯ.

ಯುಎಚ್‌ಎಫ್ ಜೋಡಿಯ ಗಂಡುಭಾಗವಾದ ಪಿಎಲ್-೨೫೯ನ್ನು ಬೆಸೆಯುವ ಕೆಲಸದ ಮೇಲೆ ಸ್ವಲ್ಪ ನಿಲ್ಲುವುದು ಅವಶ್ಯಕ. ಪಾಲಿಥೀನ್ ನೀರು ಕುದಿಯುವ ಶಾಖಕ್ಕಿಂತ ಸ್ವಲ್ಪವೇ ಹೆಚ್ಚಿನ ಶಾಖದಲ್ಲಿ ಕರಗುತ್ತದೆ. ಸೀಸ ಮತ್ತು ತವರಗಳ ಬೆಸುಗೆ ಕರಗಲು ಅದಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕು. ಹೊರಗಿನ ಹೆಣಿಗೆಯನ್ನು ಕನೆಕ್ಟರಿನ ರಂಧ್ರಗಳ ಮೂಲಕ ಬೆಸೆಯುವವನು ಸಣ್ಣ ಕಾವಿಯನ್ನು ಬಹಳ ಹೊತ್ತು ಒತ್ತಿಹಿಡಿದರೆ ಒಳಗಿನ ಪಾಲಿಥೀನ್ ಮೆತ್ತಗಾಗಿ ನಡುವಣ ತಂತಿ ಪಕ್ಕಕ್ಕೆ ಸರಿದು ಹೆಣಿಗೆಯನ್ನು ಮುಟ್ಟುತ್ತದೆ. ಆದುದರಿಂದ ದೊಡ್ಡ ಕಾವಿ, ಅಲ್ಪ ಕಾಲ. ಹೆಣಿಗೆಗೆ ಮೊದಲೇ ತೆಳುವಾಗಿ ಬೆಸುಗೆಯನ್ನು ಲೇಪಿಸಿಟ್ಟುಕೊಂಡರೆ ಕೆಲಸ ಇನ್ನೂ ಬೇಗ ಮುಗಿಯುತ್ತದೆ. ಮೇಲೆ ತಿರುಗಿಸುವ ಉಂಗುರವನ್ನು ಬೆಸೆಯುವ ಮೊದಲೇ ಕೇಬಲ್ಲಿಗೆ ತೊಡಿಸಿರಬೇಕು. ಅಚ್ಚುಕಟ್ಟಾಗಿ ಬೆಸೆದು ಮುಗಿಸಿದ ಮೇಲೆ ಉಂಗುರವು ಮೇಜಿನ ಮೇಲೆಯೇ ಉಳಿದಿರುವುದನ್ನು ಕಾಣದ ಹವ್ಯಾಸಿಯು ಪ್ರಪಂಚದಲ್ಲಿ ವಿರಳ. ಕೊನೆಗೆ ಮೀಟರಿನಿಂದ ನಡುವಿನ ತಂತಿಗೂ ಹೊರಮೈಗೂ ಸಂಪರ್ಕವಿಲ್ಲವೆಂದು ನೋಡಿಕೊಂಡೇ ಮಾಳಿಗೆ ಹತ್ತಬೇಕು.

ಈ ಕನೆಕ್ಟರು ನೀರನ್ನು ತಡೆಯತಕ್ಕುದಲ್ಲ. ಒಳಹೊಕ್ಕ ನೀರು ಹೆಣಿಗೆಯ ಎಳೆಗಳ ನಡುವೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ದೂರದವರೆಗೆ ಹರಡಿ ತಾಮ್ರವನ್ನು ಕಪ್ಪಾಗಿಸುತ್ತದೆ. ಆಗ ಕನೆಕ್ಟರನ್ನು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ. ಮಲೆನಾಡು ಮತ್ತು ಕರಾವಳಿಯ ಮಳೆಯನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಬಿಸಿಲನ್ನು ತಾಳುವ ಟೇಪನ್ನು ಸುತ್ತಬೇಕು. ಕೆಳಗಿನಿಂದ ಏಕೆಂದರೆ ಮೇಲಿನ ಸುತ್ತು ಕೆಳಗಿನ ಸುತ್ತನ್ನು ಮಂಗಳೂರು ಹೆಂಚಿನಂತೆ ಮುಚ್ಚಿ ನೀರನ್ನು ಹೊರಕ್ಕೆ ಜಾರಿಸಬೇಕು. ಕೇಬಲ್ಲು ಗೋಡೆಯನ್ನು ಹೊಗುವ ಮುನ್ನ ಕೆಳಕ್ಕೆ ಬಾಗಿ ಮತ್ತೆ ಮೇಲೇರಿದರೆ ಹನಿಗಳು ಆ ಬಾಗಿನಲ್ಲಿಯೇ ಉದುರುತ್ತವೆ. ತಾಮ್ರದ ತಂತಿಯನ್ನು ಅಲ್ಯುಮಿನಿಯಂ ಕೊಳವೆಗೆ ನೇರವಾಗಿ ಬಿಗಿಯಬಾರದು. ಎರಡು ಲೋಹಗಳ ನಡುವೆ ತೇವ ಸೇರಿದರೆ ಅಲ್ಯುಮಿನಿಯಂ ಸವೆದುಹೋಗುತ್ತದೆ. ಆಂಟೆನಾದ ತುದಿಗಳಿಗೆ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರನ್ನು ಹಿರಿಯರು ಮೆಚ್ಚಿದುದಕ್ಕೆ ಕಾರಣವೂ ಸುಂದರ: ಅದರಲ್ಲಿ ತಂತಿಯ ಕುಣಿಕೆಯೂ ಹಗ್ಗದ ಕುಣಿಕೆಯೂ ಒಂದರೊಳಗೊಂದು ಹಾದುಹೋಗುವುದರಿಂದ, ಪಿಂಗಾಣಿ ಒಡೆದರೂ ಆಂಟೆನಾ ನೆಲಕ್ಕೆ ಬೀಳದು. ವಿದ್ಯುತ್ ಸರಬರಾಜಿನ ತಂತಿಗಳ ಮೇಲೆ ಬೀಳಬಹುದಾದ ಸ್ಥಳದಲ್ಲಿ ಮಾತ್ರ ಯಾವ ಇನ್ಸುಲೇಟರನ್ನು ನಂಬಿಯೂ ಆಂಟೆನಾ ಕಟ್ಟತಕ್ಕುದಲ್ಲ.

ಏಕಾಕ್ಷ ಕೇಬಲ್ಲಿನ ಜೊತೆಗೆ ಒಂದು ಭಯವೂ ಹವ್ಯಾಸಿಗಳಲ್ಲಿ ಹೊಕ್ಕಿತು. ಆಂಟೆನಾಕ್ಕೂ ಫೀಡರಿಗೂ ಹೊಂದಿಕೆ ಇಲ್ಲದಿದ್ದರೆ, ಕಾಲುವೆಯ ನೀರು ಮುಚ್ಚಿದ ತೂಬಿಗೆ ಬಡಿದು ಹಿಂದಿರುಗುವಂತೆ, ಅಲೆಯ ಒಂದು ಭಾಗ ಮರಳುತ್ತದೆ. ಹೋಗುವ ಮತ್ತು ಬರುವ ಅಲೆಗಳು ಸೇರಿ ತಂತಿಯ ಮೇಲೆ ನಿಂತ ಅಲೆಗಳಾಗುತ್ತವೆ. ಅದನ್ನು ಅಳೆಯುವ ಅಗ್ಗದ ಮೀಟರುಗಳು ಬಂದ ಮೇಲೆ, ಮರಳಿದ ಶಕ್ತಿಯೆಲ್ಲ ವ್ಯರ್ಥವೆಂದೂ ಸೂಚಿಯು ಒಂದಕ್ಕೆ ಒಂದೆಂದು ತೋರಿಸದ ಹೊರತು ಆಂಟೆನಾ ಕೆಟ್ಟದ್ದೆಂದೂ ನಂಬಿಕೆ ಹಬ್ಬಿತು. ೧೯೭೩ರಿಂದ ವಾಲ್ಟರ್ ಮ್ಯಾಕ್ಸ್‌ವೆಲ್ ಎಂಬ ಇಂಜಿನಿಯರನು ಹವ್ಯಾಸಿಗಳ ಪತ್ರಿಕೆಯಾದ ‘ಕ್ಯುಎಸ್‌ಟಿ’ಯಲ್ಲಿ ಲೇಖನಮಾಲೆ ಬರೆದು ಇದನ್ನು ಖಂಡಿಸಿದನು. ಮರಳಿದ ಅಲೆಯು ಯಂತ್ರದ ಬಳಿಯ ಹೊಂದಾಣಿಕೆಯಿಂದ ಪುನಃ ಆಂಟೆನಾದ ಕಡೆಗೆ ತಿರುಗುತ್ತದೆ. ವ್ಯರ್ಥವಾಗುವುದು ಓಡಾಟದಲ್ಲಿ ಕೇಬಲ್ಲು ನುಂಗುವಷ್ಟು ಮಾತ್ರ. ನಷ್ಟವಿಲ್ಲದ ತೆರೆದ ತಂತಿಯಲ್ಲಿ ಆ ಓಡಾಟಕ್ಕೆ ಬೆಲೆಯೇ ಇಲ್ಲವೆನ್ನಬಹುದು. ೧೯೨೦ರ ದಶಕದ ಜೆಪ್ ಆಂಟೆನಾದ ಫೀಡರಿನ ಮೇಲೆ ನಿಂತ ಅಲೆಗಳು ವಿಪುಲವಾಗಿದ್ದವು. ಸಾಗರಗಳನ್ನು ದಾಟುವುದಕ್ಕೆ ಅವು ಅಡ್ಡಿಯಾಗಲಿಲ್ಲ. ಈ ವಾದದಲ್ಲಿ ನಾವು ಮ್ಯಾಕ್ಸ್‌ವೆಲ್ಲನ ಪಕ್ಷದವರು. ಮೀಟರನ್ನು ತೃಪ್ತಿಪಡಿಸುವುದೇ ಗುರಿಯಾದರೆ ನೀರು ಹೊಕ್ಕು ಹಾಳಾದ ಕೇಬಲ್ಲೇ ಎಲ್ಲಕ್ಕಿಂತ ಶ್ರೇಷ್ಠ; ಮರಳುವ ಅಲೆಯನ್ನೂ ಅದು ನುಂಗುವುದರಿಂದ ಸೂಚಿಯು ಬಹು ಚೆನ್ನಾಗಿ ಕಾಣುತ್ತದೆ.

ಕೇಬಲ್ಲಿಗೆ ಸಂಬಂಧಿಸಿದ ನಿಜವಾದ ಎಚ್ಚರಿಕೆ ಬೇರೆಯದು. ಆಂಟೆನಾದ ಎರಡು ತೋಳುಗಳು ಸಮಾನ. ಕೇಬಲ್ಲಿನ ಎರಡು ವಾಹಕಗಳು ಸಮಾನವಲ್ಲ. ಹೊರಗಿನ ಹೆಣಿಗೆಯ ಹೊರಮೈ ಮೂರನೆಯ ತೋಳಿನಂತಾಗಿ ಶಕ್ತಿಯನ್ನು ಮನೆಯೊಳಕ್ಕೆ ತರುತ್ತದೆ. ಮೈಕ್ರೊಫೋನನ್ನು ಮುಟ್ಟಿದರೆ ತುಟಿ ಚುರುಗುಟ್ಟುವುದಕ್ಕೆ ಇದೇ ಕಾರಣ. ಸ್ವಿಟ್ಸರ್ಲೆಂಡಿನ ಗುಸ್ತಾವ್ ಗ್ವಾನೆಲ್ಲ ೧೯೪೪ರಲ್ಲಿ ವಿವರಿಸಿದ ಬ್ಯಾಲನ್ ಇದಕ್ಕೆ ಪರಿಹಾರ. ಅದು ದೊರೆಯದವರು ಆಂಟೆನಾದ ಬುಡದಲ್ಲಿಯೇ ಕೇಬಲ್ಲನ್ನು ಕೆಲವು ಸುತ್ತುಗಳ ಸಿಂಬಿಯಾಗಿ ಸುತ್ತಿ ಬಿಗಿದರೂ ಬಹುಮಟ್ಟಿಗೆ ಸಾಕು.

ಹಳೆಯ ಮತ್ತು ಹೊಸ ಫೀಡರುಗಳು ಒಂದೇ ಆಂಟೆನಾದಲ್ಲಿ ಸೇರಿದುದೂ ಉಂಟು. ಇಂಗ್ಲೆಂಡಿನ ಲೂಯಿ ವಾರ್ನಿಯು ೧೯೪೬ರಲ್ಲಿ ರೂಪಿಸಿದ, ಅವನ ಕರೆಸಂಜ್ಞೆಯಿಂದ ‘ಜಿ೫ಆರ್‌ವಿ’ ಎಂದು ಪ್ರಸಿದ್ಧವಾದ ಆಂಟೆನಾದಲ್ಲಿ ೧೦೨ ಅಡಿಗಳ ತಂತಿಯ ನಡುವಿನಿಂದ ೩೪ ಅಡಿಗಳ ತೆರೆದ ಜೋಡಿತಂತಿ ಇಳಿಯುತ್ತದೆ. ಅದರ ಕೆಳತುದಿಗೆ ಕೇಬಲ್ಲನ್ನು ಬೆಸೆದು ಮನೆಯೊಳಕ್ಕೆ ಒಯ್ಯಬಹುದು. ಯುದ್ಧಪೂರ್ವದ ಫೀಡರು ಮುಗಿದು ಯುದ್ಧಾನಂತರದ ಫೀಡರು ಮೊದಲಾಗುವ ಗಂಟು, ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಏಣಿಯಿಲ್ಲದೆ ಒಂದು ಮಣೆಯ ಮೇಲೆ ನಿಂತರೆ ಕೈಗೆಟುಕುವಂತೆ ತೂಗುತ್ತಿರುತ್ತದೆ. ಮಳೆಗಾಲಕ್ಕೆ 먼ದಲು ರಬ್ಬರ್ ಪಟ್ಟಿಯನ್ನು ಬಿಚ್ಚಿ ನೋಡಬೇಕಾದುದು ಆ ಗಂಟನ್ನೇ.